ಒಂದೇ ಡಿಶ್, ಎರಡು ಬಾಕ್ಸ್: ಮೇಲಿನವರು ಟಿವಿ ಹಚ್ಚಿದರೆ ಕೆಳಗಿನವರದು ಯಾಕೆ ಹೋಗುತ್ತದೆ?

ಬಾಗಲಕೋಟೆಯ ನವನಗರದಲ್ಲಿ ಒಂದು ಎರಡಂತಸ್ತಿನ ಮನೆ. ಕೆಳಗೆ ಅಣ್ಣನ ಸಂಸಾರ, ಮೇಲೆ ತಮ್ಮನದು. ಆಲಮಟ್ಟಿ ಹಿನ್ನೀರಿಗೆ ಹಳೇ ಊರಿನ ಮನೆ ಬಿಟ್ಟು ಬಂದವರು, ಇಬ್ಬರೂ ಕೂಡಿ ಕಟ್ಟಿಸಿದ್ದು. ಈಗ ಒಲೆ ಬೇರೆ, ಕರೆಂಟ್ ಮೀಟರ್ ಬೇರೆ. ಮಾಳಿಗೆ ಮೇಲಿನ ಡಿಶ್ ಮಾತ್ರ ಇನ್ನೂ ಒಂದೇ.

ಹೋದ ವರ್ಷ ಬೇಸಿಗೆಯಲ್ಲಿ ಆ ಅಣ್ಣ ನನ್ನ ರಿಪೇರಿ ಅಂಗಡಿಗೆ ಬಂದರು. ವಯಸ್ಸು ಎಪ್ಪತ್ತರ ಹತ್ತಿರ. ನಾನು ಕಾಕಾ ಅಂತಲೇ ಕರೆಯುವುದು.

"ತಮ್ಮಾ, ಮ್ಯಾಲಿನವ್ರು ಟಿವಿ ಹಚ್ಚಿದ್ರ ನಮ್ದು ಹೋಗ್ತೈತಿ. ಅವ್ರು ಬಂದ್ ಮಾಡಿದ್ರೂ ಬರೂದಿಲ್ಲ. ಲೈಟ್ ಹೋಗಿ ಬಂದ್ರ ಮಾತ್ರ ಬರ್ತೈತಿ. ಏನರ ಮಾಟ ಮಾಡ್ಯಾರೇನು ಅವ್ರು?"

"ಮಾಟ ಅಲ್ರಿ ಕಾಕಾ, ವೋಲ್ಟೇಜ್" ಅಂದೆ. ಅವರು ನಂಬಲಿಲ್ಲ. ಅಷ್ಟರಲ್ಲಿ ಅವರು ಒಂದು ಹೊಸ ಬಾಕ್ಸ್ ಕೊಂಡಾಗಿತ್ತು. ಯಾರೋ ಬಂದು ಎರಡು ಸಲ ಡಿಶ್ ತಿರುಗಿಸಿ ದುಡ್ಡು ತೆಗೆದುಕೊಂಡು ಹೋಗಿದ್ದರು. ಆದರೆ ದೋಷ ಎಲ್ಲಿದೆ ಅನ್ನುವುದನ್ನು ಕಾಕಾ ತಮ್ಮ ಮೊದಲ ಮಾತಿನಲ್ಲೇ ಹೇಳಿಬಿಟ್ಟಿದ್ದರು. ಒಂದು ಡಿಶ್‌ಗೆ ಎರಡು ಬಾಕ್ಸ್ ಹಾಕಿದ ಕಡೆ, ಚಿತ್ರ ಹೋದ ಟಿವಿಯನ್ನು ಆಮೇಲೆ ನೋಡಿದರೂ ನಡೆಯುತ್ತದೆ. ಚಿತ್ರ ಬರುತ್ತಿರುವ ಟಿವಿಯನ್ನು ಮೊದಲು ನೋಡಬೇಕು.

ಕೇಬಲ್‌ನಲ್ಲಿ ಮೇಲಕ್ಕೆ ಹೋಗುವುದು ಏನು?

ಡಿಶ್‌ನಿಂದ ಬಾಕ್ಸಿಗೆ ಸಿಗ್ನಲ್ ಇಳಿದು ಬರುತ್ತದೆ, ಇದು ಎಲ್ಲರಿಗೂ ಗೊತ್ತು. ಅದೇ ತಂತಿಯಲ್ಲಿ ಬಾಕ್ಸಿನಿಂದ ಡಿಶ್‌ಗೆ ಕರೆಂಟ್ ಏರಿ ಹೋಗುತ್ತದೆ. ಇದು ಬಹಳ ಜನರಿಗೆ ಗೊತ್ತಿಲ್ಲ.

ಡಿಶ್‌ನ ಮುಂದೆ ಕೋಲಿನ ತುದಿಯಲ್ಲಿ ಕೂತಿರುತ್ತದಲ್ಲ, ಅದು ಎಲ್‌ಎನ್‌ಬಿ. ಸುಮಾರು 36,000 ಕಿಲೋಮೀಟರ್ ದೂರದ ಉಪಗ್ರಹದಿಂದ ಬರುವ ಸಣ್ಣ ಸಿಗ್ನಲನ್ನು ಅದು ಹಿಡಿದು ದೊಡ್ಡದು ಮಾಡುತ್ತದೆ. ಆಮೇಲೆ ಕೇಬಲ್‌ನಲ್ಲಿ ಹರಿಯುವಂತೆ 950 ರಿಂದ 2150 ಮೆಗಾಹರ್ಟ್ಸ್‌ಗೆ ಇಳಿಸುತ್ತದೆ. ಈ ಕೆಲಸಕ್ಕೆ ಅದಕ್ಕೆ ಕರೆಂಟ್ ಬೇಕು. ಅದನ್ನು ಬಾಕ್ಸ್ ಕೊಡುತ್ತದೆ. ಜೊತೆಗೆ ಆ ಕರೆಂಟಿನಲ್ಲೇ ಒಂದು ಆರ್ಡರ್ ಕೂಡ ಹೋಗುತ್ತದೆ. ಉಪಗ್ರಹ ಚಾನೆಲ್‌ಗಳನ್ನು ಎರಡು ಗುಂಪು ಮಾಡಿ ಕಳಿಸುತ್ತದೆ. ಒಂದು ನಿಂತ ಅಲೆ, ಅಂದರೆ ವರ್ಟಿಕಲ್. ಇನ್ನೊಂದು ಮಲಗಿದ ಅಲೆ, ಅಂದರೆ ಹಾರಿಜಾಂಟಲ್. ಬಾಕ್ಸ್ 13 ವೋಲ್ಟ್ ಕಳಿಸಿದರೆ ಎಲ್‌ಎನ್‌ಬಿ ವರ್ಟಿಕಲ್ ಗುಂಪನ್ನು ಕೊಡುತ್ತದೆ. 18 ವೋಲ್ಟ್ ಕಳಿಸಿದರೆ ಹಾರಿಜಾಂಟಲ್ ಗುಂಪು. ಯೂನಿವರ್ಸಲ್ ಎಲ್‌ಎನ್‌ಬಿ ಆದರೆ ಇನ್ನೊಂದು ಆರ್ಡರೂ ಇದೆ: 22 ಕಿಲೋಹರ್ಟ್ಸ್‌ನ ಒಂದು ಟೋನ್. ಅದು ಇದ್ದರೆ 11.7 ಗಿಗಾಹರ್ಟ್ಸ್‌ಗಿಂತ ಮೇಲಿನ ಚಾನೆಲ್, ಇಲ್ಲದಿದ್ದರೆ ಕೆಳಗಿನವು.

ನಮ್ಮ ಕಡೆ ರೈತರಿಗೆ ಇದನ್ನು ಹೇಳುವುದು ಸುಲಭ. ಒಂದು ಕಾಲುವೆ, ಒಂದೇ ಗೇಟು. ಎಡಕ್ಕೆ ತಿರುಗಿಸಿದರೆ ಎಡದ ಹೊಲಕ್ಕೆ ನೀರು, ಬಲಕ್ಕೆ ತಿರುಗಿಸಿದರೆ ಬಲದ್ದಕ್ಕೆ. ಒಂದು ಔಟ್‌ಪುಟ್ ಇರುವ ಎಲ್‌ಎನ್‌ಬಿ ಅಂದರೆ ಇದೇ. ಒಂದು ಹೊತ್ತಿಗೆ ಒಂದೇ ಗುಂಪು.

ಈಗ ಆ ಒಂದು ಔಟ್‌ಪುಟ್‌ಗೆ ಸ್ಪ್ಲಿಟರ್, ಅಂದರೆ ಒಂದು ಕೇಬಲನ್ನು ಎರಡಾಗಿ ಹಂಚುವ ಡಬ್ಬಿ, ಹಾಕಿ ಎರಡು ಬಾಕ್ಸ್ ಜೋಡಿಸಿದರೆ? ಕೆಳಗಿನ ಬಾಕ್ಸ್ 13 ಕೊಡುತ್ತದೆ, ಮೇಲಿನದು 18 ಕೊಡುತ್ತದೆ. ಸ್ಪ್ಲಿಟರ್ ಒಳಗೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಇರುತ್ತದೆ. ಜಾಸ್ತಿ ವೋಲ್ಟೇಜ್ ಇದ್ದದ್ದು ಗೆಲ್ಲುತ್ತದೆ. ಎಲ್‌ಎನ್‌ಬಿಗೆ 18 ಮಾತ್ರ ಕಾಣುತ್ತದೆ. ಕೆಳಗಿನವರಿಗೆ ಬೇಕಾದ ಗುಂಪು ಕೇಬಲ್‌ನಲ್ಲಿ ಇಳಿಯುವುದೇ ಇಲ್ಲ. ಬಾಕ್ಸ್ ಹೊಸದಾಗಿದ್ದರೂ ಅಷ್ಟೇ, ಡಿಶ್ ಸರಿಯಾಗಿ ಕೂತಿದ್ದರೂ ಅಷ್ಟೇ.

ರಿಮೋಟ್ ನಂಬಬೇಡಿ, ಪ್ಲಗ್ ಕೀಳಿರಿ

ಕಾಕಾನ ಮನೆಗೆ ಹೋದಾಗ ನಾನು ಏಣಿ ಕೇಳಲಿಲ್ಲ. ಕೆಳಗಿನ ಟಿವಿ ಹಚ್ಚಿಸಿದೆ. ಡಿಡಿ ಫ್ರೀ ಡಿಶ್ ಬಾಕ್ಸ್. ಚಂದನ ಬರಬೇಕಾದ ಕಡೆ 'ನೋ ಸಿಗ್ನಲ್'. ಮೇಲಿನವರದು ತಿಂಗಳ ರಿಚಾರ್ಜಿನ ಬಾಕ್ಸ್. ಅದರಲ್ಲಿ ಧಾರಾವಾಹಿ ನಡೆದಿತ್ತು.

ಮೆಟ್ಟಿಲ ಬುಡದಲ್ಲಿ ನಿಂತು ಮೇಲಿನ ಮನೆಯ ಅತ್ತಿಗೆಗೆ ಕೂಗಿದೆ: "ವೈನಿ, ಟಿವಿ ಬಂದ್ ಮಾಡ್ರಿ."

ಅವರು ರಿಮೋಟ್ ಒತ್ತಿದರು. ಟಿವಿ ಹೋಯಿತು, ಬಾಕ್ಸೂ ಹೋಯಿತು. ಕೆಳಗೆ ಮಾತ್ರ ಇನ್ನೂ ನೋ ಸಿಗ್ನಲ್. ಕಾಕಾ ನನ್ನ ಮುಖ ನೋಡಿದರು.

"ಈಗ ಬಾಕ್ಸಿನ ಪ್ಲಗ್ ಕಿತ್ತು ಬಿಡ್ರಿ, ವೈನಿ."

ಮೂರು ನಾಲ್ಕು ಸೆಕೆಂಡ್ ಆಯಿತು. ಕೆಳಗೆ ಚಿತ್ರ ಬಂತು.

ಇದೇ ಇಡೀ ಪತ್ತೆ ಕೆಲಸದ ಹೃದಯ. ರಿಮೋಟ್‌ನಿಂದ ಬಂದ್ ಮಾಡಿದರೆ ಬಹಳಷ್ಟು ಬಾಕ್ಸ್‌ಗಳು ಮಲಗುತ್ತವೆ, ಸಾಯುವುದಿಲ್ಲ. ಕೆಂಪು ಲೈಟ್ ಉರಿಯುತ್ತಿರುತ್ತದೆ, ಎಲ್‌ಎನ್‌ಬಿಗೆ ವೋಲ್ಟೇಜ್ ಹೋಗುತ್ತಲೇ ಇರುತ್ತದೆ. ಕಾಕಾಗೆ ಲೈಟ್ ಹೋಗಿ ಬಂದಾಗ ಮಾತ್ರ ಚಿತ್ರ ಬರುತ್ತಿದ್ದದ್ದು ಇದಕ್ಕೇ. ಕರೆಂಟ್ ಬಂದ ಮೇಲೆ ಕೆಳಗಿನ ಬಾಕ್ಸ್ ಬೇಗ ಎದ್ದು 13 ಕೊಡುತ್ತಿತ್ತು. ಮೇಲಿನದು ಪೂರ್ತಿ ಏಳಲು ಹೊತ್ತು ತೆಗೆದುಕೊಳ್ಳುತ್ತಿತ್ತು. ಆ ಸಂದಿನಲ್ಲಿ ಕಾಕಾ ಸುದ್ದಿ ನೋಡುತ್ತಿದ್ದರು.

ಹಾಗಾಗಿ ಪರೀಕ್ಷೆ ಮಾಡುವಾಗ ಪ್ಲಗ್ಗೇ ಕೀಳಬೇಕು. ಕಿತ್ತ ಕೂಡಲೇ ಇನ್ನೊಂದು ಸರಿಹೋದರೆ ನಿಮ್ಮ ಡಿಶ್‌ಗೆ ಏನೂ ಆಗಿಲ್ಲ, ಜಗಳ ಸ್ಪ್ಲಿಟರ್‌ನಲ್ಲಿದೆ. ಕಿತ್ತರೂ ಬರದಿದ್ದರೆ ಅದು ಬೇರೆ ಕಥೆ, ಮುಂದೆ ಹೇಳುತ್ತೇನೆ.

ಆಮೇಲೆ ಮಾಳಿಗೆ ಹತ್ತಿ ಮಲ್ಟಿಮೀಟರ್ ಹಿಡಿದೆ. ಕೇಬಲ್ ತುದಿಯ ನಡು ತಂತಿಗೆ ಕೆಂಪು, ಹೊರಗಿನ ಲೋಹಕ್ಕೆ ಕಪ್ಪು. ಕೆಳಗಿನ ಬಾಕ್ಸಿನ ಕೇಬಲ್‌ನಲ್ಲಿ 13.4. ಮೇಲಿನದರಲ್ಲಿ 18.2. ಎರಡನ್ನೂ ಸ್ಪ್ಲಿಟರ್‌ಗೆ ಹಾಕಿ ಎಲ್‌ಎನ್‌ಬಿ ಕಡೆಯ ಬಾಯಿಯಲ್ಲಿ ನೋಡಿದರೆ 17.6. ಮೀಟರನ್ನು ಕಾಕಾಗೇ ಕೊಟ್ಟು ಓದಿಸಿದೆ. "ಅಂದ್ರ ಅವನ ಮಾತೇ ನಡೀತು" ಅಂದರು.

ಒಂದು ಮಾತು. ಕನೆಕ್ಟರ್ ಬಿಚ್ಚುವಾಗ, ಹಾಕುವಾಗ ಎರಡೂ ಮನೆಯ ಬಾಕ್ಸಿನ ಪ್ಲಗ್ ತೆಗೆದಿರಬೇಕು, ಅಳೆಯುವಾಗ ಮಾತ್ರ ಹಾಕಿ. ನಡು ತಂತಿ ಹೊರಗಿನ ಲೋಹಕ್ಕೆ ತಾಗಿದರೆ ಬಾಕ್ಸಿನ ಸಪ್ಲೈ ಶಾರ್ಟ್ ಆಗುತ್ತದೆ. ಇನ್ನೊಂದು, ಎರಡು ಮನೆ, ಎರಡು ಮೀಟರ್ ಇದ್ದ ಕಡೆ ಕೇಬಲ್‌ನ ಹೊರಗಿನ ಲೋಹ ಮುಟ್ಟಿದರೆ ಸಣ್ಣಗೆ ಜುಮ್ ಅನ್ನುವುದುಂಟು. ಕುಂಬಿ ಇಲ್ಲದ ಮಾಳಿಗೆ ಅಂಚಿನಲ್ಲಿ ಆ ಸಣ್ಣ ಜುಮ್ಮೇ ಸಾಕು ಕಾಲು ತಪ್ಪಿಸಲು. ಕರೆಂಟ್ ತಂತಿ ಹತ್ತಿರ ಹಾದುಹೋದ ಮನೆಯಾದರೆ ಅಲ್ಯೂಮಿನಿಯಂ ಏಣಿ ತರಲೇಬೇಡಿ.

ಸ್ಪ್ಲಿಟರ್‌ನ ಮೈಮೇಲೆ ಬರೆದದ್ದು ಓದಿ

ಕೆಲವು ಮನೆಗಳಲ್ಲಿ ದೂರು ತಿರುಗಾಮುರುಗಾ ಇರುತ್ತದೆ: "ಅವ್ರು ಹಚ್ಚಿದ್ರ ಮಾತ್ರ ನಮ್ದು ಬರ್ತೈತಿ." ಇದನ್ನು ಕೇಳಿದರೆ ನಾನು ಸೀದಾ ಸ್ಪ್ಲಿಟರ್ ಹುಡುಕುತ್ತೇನೆ. ಒಂದೇ ಬಾಯಿಯಿಂದ ಕರೆಂಟ್ ಬಿಡುವ ಸ್ಪ್ಲಿಟರ್‌ಗಳು ಇವೆ. ಆ ಬಾಯಿಯ ಹತ್ತಿರ 'ಪವರ್ ಪಾಸ್' ಅಂತ ಬರೆದಿರುತ್ತದೆ, ಅಥವಾ ಒಂದು ಗೆರೆ ಎಳೆದಿರುತ್ತದೆ. ಇನ್ನೊಂದು ಬಾಯಿಗೆ ಸಿಕ್ಕಿಸಿದ ಬಾಕ್ಸ್ ಎಲ್‌ಎನ್‌ಬಿಗೆ ಕರೆಂಟ್ ಕೊಡಲಾರದು. ಮೊದಲನೆಯವರು ಪ್ಲಗ್ ಕಿತ್ತು ಊರಿಗೆ ಹೋದರೆ ಎರಡನೆಯವರ ಟಿವಿಯೂ ಹೋಯಿತು. ಎರಡೂ ಕೇಬಲ್ ಅದಲುಬದಲು ಮಾಡಿ ನೋಡಿ. ದೂರು ಆ ಮನೆಯಿಂದ ಈ ಮನೆಗೆ ಬಂದರೆ ಖಾತ್ರಿ.

ಬಾಕ್ಸಿನ ಹಿಂದೆ 'ಲೂಪ್ ಔಟ್' ಅನ್ನುವ ಬಾಯಿಂದ ಎರಡನೇ ಬಾಕ್ಸಿಗೆ ಎಳೆದವರದೂ ಹೆಚ್ಚುಕಡಿಮೆ ಇದೇ ಗೋಳು. ಮೊದಲನೇ ಬಾಕ್ಸ್ ಯಾವ ಗುಂಪು ಕೇಳಿದೆಯೋ ಎರಡನೆಯದಕ್ಕೂ ಅದೇ.

ಇನ್ನೂ ಜಾಸ್ತಿ ಕಾಣುವ ತಪ್ಪು ಬೇರೆ ಇದೆ. ಓಣಿಯ ಕೇಬಲ್ ಟಿವಿಗೆ ಬಳಸುವ ಸ್ಪ್ಲಿಟರನ್ನೇ ಡಿಶ್‌ಗೆ ಹಾಕಿರುತ್ತಾರೆ. ನೋಡಲು ಎರಡೂ ಒಂದೇ ತರಹ, ಬೆಳ್ಳಿ ಬಣ್ಣದ ಸಣ್ಣ ಡಬ್ಬಿ, ಮೂರು ಬಾಯಿ. ಕೇಬಲ್ ಟಿವಿಯದರ ಮೇಲೆ 5-1000 ಮೆಗಾಹರ್ಟ್ಸ್ ಅಂತ ಇರುತ್ತದೆ. ಡಿಶ್ ಸಿಗ್ನಲ್ ಶುರುವಾಗುವುದೇ 950ಕ್ಕೆ! ಜೊತೆಗೆ ಅಂಥವುಗಳಲ್ಲಿ ಎಷ್ಟೋ ಕರೆಂಟನ್ನೂ ಬಿಡುವುದಿಲ್ಲ. ಡಿಶ್‌ಗೆ ಬೇಕಾದದ್ದರ ಮೇಲೆ ಮೇಲಿನ ಅಂಕಿ 2150 ಅಥವಾ ಅದಕ್ಕಿಂತ ಜಾಸ್ತಿ ಇರಬೇಕು. ಅಂಗಡಿಯಲ್ಲಿ ಕೊಳ್ಳುವಾಗ ಡಬ್ಬಿ ತಿರುಗಿಸಿ ಓದಿ. ಅಂಗಡಿಯವನು ಬೇಜಾರು ಮಾಡಿಕೊಂಡರೂ ಪರವಾಗಿಲ್ಲ.

ಹಾಗಾದರೆ ಸ್ಪ್ಲಿಟರ್ ಹಾಕಲೇಬಾರದಾ? ಹಾಗೇನಿಲ್ಲ. ಎರಡೂ ಬಾಕ್ಸ್ ಒಂದೇ ಗುಂಪಿನ ಚಾನೆಲ್ ನೋಡುವುದಾದರೆ, ಎರಡೂ ಒಂದೇ ವೋಲ್ಟೇಜ್ ಕೇಳುತ್ತವೆ. ಅಲ್ಲಿ ಜಗಳವೇ ಇಲ್ಲ. ಒಳ್ಳೆಯ ಸ್ಪ್ಲಿಟರ್ ವರ್ಷಗಟ್ಟಲೆ ಸುಮ್ನೆ ಕೆಲಸ ಮಾಡುತ್ತದೆ. ಸಿಗ್ನಲ್ ಮಾತ್ರ ಅರ್ಧ ಹಂಚಿಹೋಗುತ್ತದೆ, 4 ಡೆಸಿಬೆಲ್ ಆಸುಪಾಸು ಕಡಿಮೆಯಾಗುತ್ತದೆ.

ಬೇರೆ ಬೇರೆ ಗುಂಪು ಬೇಕಾದರೆ ಎರಡು ಔಟ್‌ಪುಟ್ ಇರುವ ಟ್ವಿನ್ ಎಲ್‌ಎನ್‌ಬಿ ಹಾಕಬೇಕು. ಒಳಗೆ ಎರಡು ಪ್ರತ್ಯೇಕ ಗೇಟು ಇದ್ದಂತೆ. ಒಂದೊಂದು ಬಾಕ್ಸಿಗೆ ಒಂದೊಂದು ಕೇಬಲ್, ನಡುವೆ ಏನೂ ಇಲ್ಲ. ನಾಲ್ಕು ಟಿವಿಗೆ ಕ್ವಾಡ್. ಇಲ್ಲೊಂದು ಹೆಸರಿನ ಬಲೆ ಇದೆ. ಕ್ವಾಡ್ ಬೇರೆ, ಕ್ವಾಟ್ರೋ ಬೇರೆ. ಎರಡಕ್ಕೂ ನಾಲ್ಕು ಬಾಯಿ. ಕ್ವಾಟ್ರೋದ ಒಂದೊಂದು ಬಾಯಿ ಒಂದೊಂದು ಗುಂಪಿಗೆ ಕಾಯಂ (ಎರಡು ಅಲೆ, ಒಂದೊಂದರಲ್ಲೂ 11.7ರ ಮೇಲಿನದು ಕೆಳಗಿನದು, ಒಟ್ಟು ನಾಲ್ಕು). ಅದಕ್ಕೆ ಪ್ರತಿ ಬಾಕ್ಸಿಗೆ ಕೇಳಿದ ಗುಂಪು ಆರಿಸಿ ಕೊಡುವ ಮಲ್ಟಿಸ್ವಿಚ್ ಬೇಕೇ ಬೇಕು, ಲಾಡ್ಜ್‌ಗಳಲ್ಲಿ, ದೊಡ್ಡ ಅಪಾರ್ಟ್‌ಮೆಂಟ್‌ಗಳಲ್ಲಿ ಹಾಕುವಂಥದ್ದು. ಅದನ್ನು ತಂದು ನೇರ ಬಾಕ್ಸಿಗೆ ಹಾಕಿದರೆ ಪ್ರತಿ ಟಿವಿಯಲ್ಲೂ ಕಾಲು ಭಾಗ ಚಾನೆಲ್ ಬಂದು ಉಳಿದವು ಬರುವುದಿಲ್ಲ. ಹಾಗೆಯೇ ಡೈಸೆಕ್ ಸ್ವಿಚ್ ಅಂತ ಒಂದಿದೆ. ಅದು ಎರಡು ನಾಲ್ಕು ಎಲ್‌ಎನ್‌ಬಿಯನ್ನು ಒಂದು ಬಾಕ್ಸಿಗೆ ತರುವುದಕ್ಕೆ. ತಲೆಕೆಳಗು ಮಾಡಿ ಒಂದು ಎಲ್‌ಎನ್‌ಬಿಗೆ ನಾಲ್ಕು ಬಾಕ್ಸ್ ಹಾಕಿದವರನ್ನೂ ನೋಡಿದ್ದೇನೆ. ಬರುವುದಿಲ್ಲ.

ಎಲ್‌ಎನ್‌ಬಿ ಬದಲಾಯಿಸಿದರೂ ಹೋಗದ ದೋಷ

ಕಾಕಾನ ಮನೆಯಲ್ಲಿ ಸ್ಪ್ಲಿಟರ್ ಮಾಳಿಗೆ ಮೇಲೇ ಇತ್ತು, ಡಿಶ್‌ನ ಕಂಬಕ್ಕೆ ಕಟ್ಟಿದ್ದರು. ಒಳ್ಳೆಯದೇ ಆಯಿತು. ಎರಡೂ ಕೇಬಲ್ ಅಲ್ಲಿಯವರೆಗೆ ಬಂದಿದ್ದವು. ಟ್ವಿನ್ ಎಲ್‌ಎನ್‌ಬಿ ಕೂರಿಸಿ ಎರಡನ್ನೂ ಸೀದಾ ಅದಕ್ಕೆ ಹಾಕುವುದಷ್ಟೇ. ಕೆಳಗಿನವರ ಕೇಬಲ್ ಒಂದು ಮೊಳ ಸಾಲಲಿಲ್ಲ. ಅದೃಷ್ಟಕ್ಕೆ ಹಿಂದಿನವನು ಕಿಟಕಿ ಹತ್ತಿರ ಒಂದು ಸುರುಳಿ ಬಿಟ್ಟಿದ್ದ, ಅದನ್ನು ಎಳೆದುಕೊಂಡೆ.

ಎರಡೂ ಟಿವಿ ಒಟ್ಟಿಗೆ ಬಂದವು. ವೈನಿ ಚಹಾ ಕಳಿಸಿದರು. ಚಹಾ ಮುಗಿಯುವ ಮೊದಲೇ ಕಾಕಾನ ಟಿವಿಯಲ್ಲಿ ಚಿತ್ರ ಚೌಕಚೌಕ ಒಡೆಯತೊಡಗಿತು.

ಇದು ಹೊಸದಲ್ಲ, ಹಳೇ ಎರಡನೇ ದೋಷ. ಮೊದಲನೆಯದು ಅದನ್ನು ಮುಚ್ಚಿಟ್ಟಿತ್ತು. ಒಂದು ಮನೆಯಲ್ಲಿ ಎರಡು ದೋಷ ಇರಬಾರದು ಅಂತ ಎಲ್ಲೂ ಬರೆದಿಲ್ಲ ನೋಡಿ.

ಇಂಥ ಹೊತ್ತಿನಲ್ಲಿ ನಾನು ಮಾಡುವುದು ಒಂದೇ. ಎಲ್‌ಎನ್‌ಬಿಯ ಎರಡೂ ಕೇಬಲ್ ಅದಲುಬದಲು. ದೋಷ ಮೇಲಿನ ಮನೆಗೆ ಹೋದರೆ ಎಲ್‌ಎನ್‌ಬಿಯ ಆ ಬಾಯಿ ಕೆಟ್ಟಿದೆ. ಕೆಳಗೇ ಉಳಿದರೆ ಕೇಬಲ್ ಅಥವಾ ಬಾಕ್ಸ್. ಕೆಳಗೇ ಉಳಿಯಿತು. ಆಮೇಲೆ ಕಾಕಾನ ಬಾಕ್ಸನ್ನೇ ಮಾಳಿಗೆಗೆ ಒಯ್ದು ಎರಡು ಮೀಟರ್ ಹೊಸ ಕೇಬಲ್‌ನಿಂದ ನೇರ ಜೋಡಿಸಿದೆ, ಒಂದು ಸಣ್ಣ ಟಿವಿ ಹಚ್ಚಿ. ಚಿತ್ರ ಸ್ವಚ್ಛ. ಉಳಿದದ್ದು ಕೇಬಲ್ ಒಂದೇ.

ಬಾಕ್ಸಿನ ಮೆನುವಿನಲ್ಲಿ ಎರಡು ಪಟ್ಟಿ ಕಾಣುತ್ತವೆ, ಸ್ಟ್ರೆಂತ್ ಮತ್ತು ಕ್ವಾಲಿಟಿ. ಜನ ಸ್ಟ್ರೆಂತ್ ನೋಡಿ ಖುಷಿಪಡುತ್ತಾರೆ. ಡಿಶ್ ಎತ್ತಲೋ ನೋಡುತ್ತಿದ್ದರೂ ಸ್ಟ್ರೆಂತ್ ಒಂದಿಷ್ಟು ಇರುತ್ತದೆ, ಅದು ಎಲ್‌ಎನ್‌ಬಿಯ ಗದ್ದಲ. ನೋಡಬೇಕಾದದ್ದು ಕ್ವಾಲಿಟಿ. ಬೂಸ್ಟರ್ ಮಾರುವವರು ಸ್ಟ್ರೆಂತ್ ಏರಿದ್ದನ್ನು ತೋರಿಸಿ ದುಡ್ಡು ಎಣಿಸಿಕೊಳ್ಳುತ್ತಾರೆ. ಬೂಸ್ಟರ್ ಸಿಗ್ನಲ್ ಜೊತೆ ಗದ್ದಲವನ್ನೂ ದೊಡ್ಡದು ಮಾಡುತ್ತದೆ. ಕೇಬಲ್ ಬಹಳ ಉದ್ದ ಇದ್ದರೆ ಡಿಶ್ ಕಡೆಗೆ ಹಾಕಿದರೆ ಉಪಯೋಗ ಉಂಟು. ಬಾಕ್ಸಿನ ಹಿಂದೆ ಹಾಕಿದರೆ ನನ್ನ ಅನುಭವದಲ್ಲಿ ಬರೀ ಖರ್ಚು.

ಕಾಕಾನ ಕೇಬಲ್‌ನ ಮೇಲಿನ ತುದಿ ಬಿಚ್ಚಿದೆ. ಕನೆಕ್ಟರ್ ಒಳಗೆ ಹಸಿರು ಪಾಚಿಯಂಥ ಪುಡಿ. ತಾಮ್ರಕ್ಕೆ ನೀರು ಹಿಡಿದರೆ ಹೀಗೇ. ಹೊರಗಿನ ಜಾಲರಿ ಬೆಳ್ಳಗೆ ಇರಬೇಕಾದದ್ದು ಕಪ್ಪಾಗಿತ್ತು. ಗೇಣುದ್ದ ಕತ್ತರಿಸಿದೆ, ಇನ್ನೂ ಕಪ್ಪು. ಮತ್ತೆ ಗೇಣುದ್ದ. ಮೂರನೇ ಸಲಕ್ಕೆ ಒಳಗೆ ಬೆಳ್ಳಗೆ ಕಂಡಿತು. ನೀರು ಕನೆಕ್ಟರ್‌ನಲ್ಲಿ ಇಳಿದು ಜಾಲರಿ ಗುಂಟ ಬತ್ತಿಯಲ್ಲಿ ಎಣ್ಣೆ ಏರಿದಂತೆ ಒಳಗೆ ಹೋಗಿತ್ತು.

ಕತ್ತರಿಸಿದ ತುಂಡಿನ ನಡು ತಂತಿಗೆ ಒಂದು ಅಯಸ್ಕಾಂತ ಹಿಡಿದೆ, ಹಳೇ ಸ್ಪೀಕರ್‌ನದು. ಪಟಕ್ಕನೆ ಅಂಟಿತು. ಅಂದರೆ ಒಳಗೆ ಕಬ್ಬಿಣ, ಮೇಲೆ ತಾಮ್ರದ ಲೇಪ. ಆರ್‌ಜಿ-6 ಅಂತ ಮಾರುವ ಅಗ್ಗದ ಕೇಬಲ್ ಬಹುತೇಕ ಇಂಥದ್ದೇ. ಸಿಗ್ನಲ್ ತಂತಿಯ ಮೇಲ್ಮೈಯಲ್ಲೇ ಓಡುವುದರಿಂದ ಅದಕ್ಕೆ ಇದು ನಡೆಯುತ್ತದೆ. ಆದರೆ ಎಲ್‌ಎನ್‌ಬಿಗೆ ಹೋಗುವ ಕರೆಂಟಿಗೆ ಅಡ್ಡಿ ಜಾಸ್ತಿ. ಪೂರ್ತಿ ತಾಮ್ರದ ತಂತಿಗಿಂತ ನಾಲ್ಕು ಪಟ್ಟು. ಕೇಬಲ್ ಹದಿನೈದು ಇಪ್ಪತ್ತು ಮೀಟರ್ ಇದ್ದರೆ ಗೊತ್ತೇ ಆಗುವುದಿಲ್ಲ. ಐವತ್ತು ಅರವತ್ತು ಮೀಟರ್ ಎಳೆದು, ಬಾಕ್ಸೂ ಹಳೆಯದಾಗಿ 18ರ ಬದಲು 16 ಚಿಲ್ಲರೆ ಕೊಡುತ್ತಿದ್ದರೆ, ಎಲ್‌ಎನ್‌ಬಿಗೆ ಮುಟ್ಟುವಾಗ ಅದು 15ರ ಹತ್ತಿರ ಬಂದುಬಿಡುತ್ತದೆ. ಎಲ್‌ಎನ್‌ಬಿ ಅದನ್ನು 13 ಅಂದುಕೊಳ್ಳುತ್ತದೆ. ಆಗ ಒಂದೇ ಬಾಕ್ಸ್ ಇದ್ದರೂ ಅರ್ಧ ಚಾನೆಲ್ ಮಾಯ. ತೋಟದ ಮನೆಗೆ ಊರ ಮನೆಯ ಡಿಶ್‌ನಿಂದ ಕೇಬಲ್ ಎಳೆದ ಕಡೆ ಇದನ್ನೇ ಮೊದಲು ಅನುಮಾನಿಸಿ.

ಸಿಗ್ನಲ್ ಲೆಕ್ಕವೂ ಇದೆ. ಆರ್‌ಜಿ-6ನಲ್ಲಿ 100 ಮೀಟರಿಗೆ ಸಾವಿರ ಮೆಗಾಹರ್ಟ್ಸ್ ಹತ್ತಿರ ಸುಮಾರು 20 ಡೆಸಿಬೆಲ್ ಕರಗುತ್ತದೆ, ಎರಡು ಸಾವಿರದ ಹತ್ತಿರ 30. ಅಂದರೆ ಮೇಲಿನ ಕಂಪನಾಂಕದ ಚಾನೆಲ್‌ಗಳು ಮೊದಲು ಸಾಯುತ್ತವೆ. "ಎಲ್ಲ ಬರ್ತಾವ್ರಿ, ನಾಕೈದು ಮಾತ್ರ ಒಡೀತಾವು" ಅಂದರೆ ನನ್ನ ಕಣ್ಣು ಕೇಬಲ್ ಕಡೆಗೇ ಹೋಗುತ್ತದೆ.

ಹೊಸ ಕನೆಕ್ಟರ್ ಹಾಕುವಾಗ ಜಾಲರಿಯ ಒಂದು ಎಳೆಯೂ ನಡು ತಂತಿಗೆ ತಾಗದಂತೆ ಕನ್ನಡಕ ಹಾಕಿಕೊಂಡು ನೋಡಿ. ಒಂದೇ ಎಳೆ ಸಾಕು, ಬಾಕ್ಸ್ 'ಎಲ್‌ಎನ್‌ಬಿ ಶಾರ್ಟ್' ಅಂತ ಕೂಗುತ್ತದೆ. ಎಲ್‌ಎನ್‌ಬಿಗೆ ಹಾಕುವ ಮೊದಲು ಕೇಬಲ್ ಒಂದು ಸಣ್ಣ ಜೋಲು ಹಾಕಿ ಏರಲಿ. ಮಳೆ ನೀರು ಆ ಜೋಲಿನ ತಳದಿಂದ ತೊಟ್ಟಿಕ್ಕಿ ಹೋಗುತ್ತದೆ, ಕನೆಕ್ಟರ್ ಕಡೆ ಹರಿಯುವುದಿಲ್ಲ. ಮೇಲೆ ರಬ್ಬರ್ ಟೇಪ್ ಬಿಗಿಯಾಗಿ ಸುತ್ತಿ. ಸಾದಾ ಕಪ್ಪು ಇನ್ಸುಲೇಶನ್ ಟೇಪ್ ನಮ್ಮ ಬಿಸಿಲಿಗೆ ಒಂದೇ ಬೇಸಿಗೆ ಬಾಳುತ್ತದೆ, ಆಮೇಲೆ ಅಂಟು ಕರಗಿ ಜಾರುತ್ತದೆ.

ಕೊನೆಗೆ ಒಂದು ತಂಬಿಗೆ ನೀರು ತರಿಸಿದೆ. ಕಾಕಾ ಕೆಳಗೆ ಕ್ವಾಲಿಟಿ ಪಟ್ಟಿ ನೋಡುತ್ತ ಕೂತರು. ನಾನು ಕನೆಕ್ಟರ್ ಮೇಲೆ ನಿಧಾನಕ್ಕೆ ನೀರು ಬಿಟ್ಟೆ. "ಅಳ್ಳಾಡವಲ್ದು" ಅಂತ ಕೆಳಗಿಂದ ಕೂಗು ಬಂತು. ಮಳೆಗಾಲಕ್ಕೆ ಕಾಯುವುದಕ್ಕಿಂತ ತಂಬಿಗೆ ಮಳೆ ಒಳ್ಳೆಯದು.

ಪ್ಲಗ್ ಕಿತ್ತರೂ ಬರದಿದ್ದರೆ

ಇನ್ನೊಬ್ಬರ ಬಾಕ್ಸ್ ಪೂರ್ತಿ ತೆಗೆದರೂ ನಿಮ್ಮದು ಬರುವುದಿಲ್ಲ ಅಂದರೆ ಮೊದಲು ಒಂದು ಸಾದಾ ಪ್ರಶ್ನೆ. ಆ ಬಾಕ್ಸ್ ಆ ಡಿಶ್‌ನದೇನಾ? ಸಂಬಂಧಿಕರು ಕೊಟ್ಟ ಹಳೇ ಬಾಕ್ಸ್ ತಂದು ಹಾಕುವವರು ಬಹಳ ಜನ. ಫ್ರೀ ಡಿಶ್‌ನ ಉಪಗ್ರಹ 93.5 ಡಿಗ್ರಿ ಪೂರ್ವ ರೇಖಾಂಶದ ಮೇಲಿದೆ. ಟಾಟಾ ಪ್ಲೇ 83ರಲ್ಲಿ, ಡಿ2ಎಚ್ 88ರಲ್ಲಿ, ಡಿಶ್ ಟಿವಿ 95ರಲ್ಲಿ, ಏರ್‌ಟೆಲ್ 108.2ರಲ್ಲಿ. ಒಂದು ಕಡೆ ನೋಡುವ ಡಿಶ್‌ಗೆ ಇನ್ನೊಂದು ಕಡೆಯ ಬಾಕ್ಸ್ ಹಾಕಿದರೆ ಯಾವ ಸ್ಪ್ಲಿಟರೂ ಕಾಪಾಡುವುದಿಲ್ಲ. ಮೇಲಿನವರ ರಿಚಾರ್ಜ್ ಬಾಕ್ಸ್ ಈ ನಾಲ್ಕು ಕಂಪನಿಯದಲ್ಲ. ಕಾಕಾನ ಮನೆಯಲ್ಲಿ ಎರಡೂ 93.5ರವೇ ಆಗಿದ್ದವು, ಅದಕ್ಕೇ ಒಂದು ಡಿಶ್ ನಡೆಯಿತು.

ಫ್ರೀ ಡಿಶ್‌ನದು ಇನ್ನೊಂದು ಸೂಕ್ಷ್ಮ. 2004ರ ಡಿಸೆಂಬರ್‌ನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಹೆಸರಿನಲ್ಲಿ ಶುರುವಾದದ್ದು, ಹಾಗಾಗಿ ತೀರಾ ಹಳೇ ಬಾಕ್ಸ್‌ಗಳೂ ಇನ್ನೂ ಮನೆಗಳಲ್ಲಿವೆ. ಅವು ಎಂಪೆಗ್-2, ಅಂದರೆ ಚಿತ್ರ ಕುಗ್ಗಿಸಿ ಕಳಿಸುವ ಹಳೇ ವಿಧಾನ, ಅದನ್ನು ಮಾತ್ರ ಓದುತ್ತವೆ. ಕೆಲವು ಚಾನೆಲ್ ಎಂಪೆಗ್-4ನಲ್ಲಿ ಬರುತ್ತವೆ. ಮೇಲಿನ ಕೋಣೆಯ ಹೊಸ ಬಾಕ್ಸಿನಲ್ಲಿ ಬಂದು ಕೆಳಗಿನ ಹಳೇ ಬಾಕ್ಸಿನಲ್ಲಿ ಬರದ ಚಾನೆಲ್ ಇದ್ದರೆ, ಸ್ಪ್ಲಿಟರನ್ನು ಬೈಯುವ ಮೊದಲು ಎರಡೂ ಬಾಕ್ಸ್ ಅದಲುಬದಲು ಮಾಡಿ ನೋಡಿ. ಜೊತೆಗೆ ಮೆನುವಿನಲ್ಲಿ ಎಲ್‌ಎನ್‌ಬಿ ಸೆಟ್ಟಿಂಗ್ ನೋಡಿ. ಫ್ಯಾಕ್ಟರಿ ರಿಸೆಟ್ ಆದಮೇಲೆ ಅದು ಬದಲಾಗಿರುತ್ತದೆ. ಯೂನಿವರ್ಸಲ್ ಇದ್ದರೆ 9750-10600 ಅಂತ ಇರಬೇಕು.

ಇನ್ನು ಡಿಶ್ ತಿರುಗಿದೆ ಅನ್ನುವ ಅನುಮಾನ. ನಮ್ಮಲ್ಲಿ ಮಂಗಗಳು ಡಿಶ್ ಮೇಲೆ ಕೂತು ಜೋಕಾಲಿ ಆಡುತ್ತವೆ, ಆಗ ತಿರುಗುವುದು ನಿಜ. 93.5ಕ್ಕೆ ಬಾಗಲಕೋಟೆ, ವಿಜಯಪುರದಿಂದ ದಿಕ್ಸೂಚಿಯಲ್ಲಿ ಸುಮಾರು 131-132 ಡಿಗ್ರಿ, ಬೆಳಗಾವಿಯಿಂದ ಸುಮಾರು 128. ಎತ್ತರ ಮೂರೂ ಕಡೆ 61-62 ಡಿಗ್ರಿ. ಸುಲಭವಾಗಿ ಹೇಳಬೇಕೆಂದರೆ ವಾಸ್ತುವಿನವರು ಅಡಿಗೆಮನೆ ಇಡು ಅನ್ನುವ ಆಗ್ನೇಯ ಮೂಲೆ, ಚೆನ್ನಾಗಿ ಮೇಲಕ್ಕೆ. ಆದರೆ ಮನೆಯ ಡಿಶ್‌ಗಳ ಎಲ್‌ಎನ್‌ಬಿ ನಡುವಿನಲ್ಲಿ ಇರದೆ ಕೆಳಗೆ ಸರಿದಿರುತ್ತದೆ. ಹಾಗಾಗಿ ಡಿಶ್‌ನ ಮುಖ ಕಣ್ಣಿಗೆ ಅಷ್ಟು ಮೇಲೆ ನೋಡಿದಂತೆ ಕಾಣುವುದಿಲ್ಲ. ಅದನ್ನು ನೋಡಿ ಇನ್ನೂ ಮೇಲೆತ್ತಿ ಕೆಡಿಸಿಕೊಳ್ಳಬೇಡಿ, ಹಿಂದಿನ ಪಟ್ಟಿಯ ಮೇಲಿನ ಅಂಕಿ ನೋಡಿ. ಎಲ್‌ಎನ್‌ಬಿಯನ್ನೂ ಅದರ ಹಿಡಿಕೆಯಲ್ಲಿ ನಿಧಾನಕ್ಕೆ ತಿರುಗಿಸಿ ಕ್ವಾಲಿಟಿ ಎಲ್ಲಿ ಜಾಸ್ತಿ ಅಂತ ನೋಡಬೇಕು. ಡಿಶ್ ಸರಿ ಇದ್ದು ಎಲ್‌ಎನ್‌ಬಿ ತಿರುಚಿಕೊಂಡಿದ್ದರೆ ಒಂದು ಗುಂಪು ಚೆನ್ನಾಗಿ ಬಂದು ಇನ್ನೊಂದು ಸೊರಗುತ್ತದೆ. ಆಗ ಸ್ಪ್ಲಿಟರ್ ದೋಷದ ಹಾಗೇ ಕಾಣುತ್ತದೆ.

ಆಗ್ನೇಯಕ್ಕೆ ಬೇವಿನ ಮರ ಇದ್ದರೆ ಅದನ್ನೂ ಒಮ್ಮೆ ನೋಡಿ. ಐದು ವರ್ಷದ ಹಿಂದೆ ಡಿಶ್ ಹಾಕಿದಾಗ ಗಿಡವಾಗಿದ್ದದ್ದು ಈಗ ಮರವಾಗಿರುತ್ತದೆ.

ಎರಡೂ ಮನೆಯಲ್ಲಿ ಒಟ್ಟಿಗೆ ಹೋದರೆ ಬಾಕ್ಸ್ ಮುಟ್ಟಬೇಡಿ, ಕೇಬಲ್ ಮುಟ್ಟಬೇಡಿ. ಜೋರು ಮಳೆ ಇದ್ದರೆ ಕಾಯಿರಿ. ಮಳೆ ಇಲ್ಲದಿದ್ದರೆ ಡಿಶ್ ಅಥವಾ ಎಲ್‌ಎನ್‌ಬಿ. ಇಷ್ಟನ್ನು ನಾನು ಕಾಕಾಗೆ ಒಂದು ಚೀಟಿಯಲ್ಲಿ ಬರೆದು ಬಾಕ್ಸಿನ ಹಿಂದೆ ಅಂಟಿಸಿ ಬಂದಿದ್ದೆ. ಎರಡೂ ಕೇಬಲ್ ತುದಿಗೆ ಬಿಳಿ ಟೇಪ್ ಸುತ್ತಿ 'ಮೇಲೆ', 'ಕೆಳಗೆ' ಅಂತಲೂ ಬರೆದಿದ್ದೆ.

ಈ ವರ್ಷ ಮಾರ್ಚ್‌ನಲ್ಲಿ ಅವರ ಫೋನ್ ಬಂತು. ಆಕಾಶದಲ್ಲಿ ಒಂದು ಮೋಡ ಇರಲಿಲ್ಲ.

"ತಮ್ಮಾ, ಚೀಟಿ ಓದೀನಿ. ಎರಡೂ ಕೂಡೇ ಹೋಗ್ಯಾವು. ನಿನ್ನೀನೂ ಇದೇ ಹೊತ್ತಿಗೆ ಹೋಗಿದ್ವು. ಏಣಿ ಹಚ್ಚಲೇನು?"

ಗಡಿಯಾರ ನೋಡಿದೆ, ಹನ್ನೊಂದು ಹತ್ತು. ಕ್ಯಾಲೆಂಡರ್ ನೋಡಿದೆ, 13ನೇ ತಾರೀಕು. ವರ್ಷಕ್ಕೆ ಎರಡು ಸಲ, ಮಾರ್ಚ್ ನಡುವೆ ಮತ್ತು ಸೆಪ್ಟೆಂಬರ್ ಕೊನೆಗೆ, ಕೆಲವು ದಿನ ಸೂರ್ಯ ಸರಿಯಾಗಿ ಉಪಗ್ರಹದ ಹಿಂದೆ ಬರುತ್ತಾನೆ. ಡಿಶ್‌ಗೆ ಉಪಗ್ರಹದ ಜೊತೆ ಸೂರ್ಯನ ಗದ್ದಲವೂ ಕೇಳಿಸಿ, ಕೆಲವು ನಿಮಿಷ ಏನೂ ತಿಳಿಯುವುದಿಲ್ಲ. ನಮ್ಮ ಊರಿಂದ 93.5ಕ್ಕೆ ಅದು ಬೆಳಗ್ಗೆ ಹನ್ನೊಂದರ ಆಸುಪಾಸು.

"ಏಣಿ ಬ್ಯಾಡ್ರಿ ಕಾಕಾ. ಹೊರಗ ಹೋಗಿ ಎಲ್‌ಎನ್‌ಬಿ ಮ್ಯಾಲೆ ಡಿಶ್‌ಗೆ ಬಡಿದ ಬಿಸಿಲು ಬಿದ್ದೈತೇನು ನೋಡ್ರಿ."

ಚಪ್ಪಲಿ ಸಪ್ಪಳ ಕೇಳಿತು. ಸ್ವಲ್ಪ ಹೊತ್ತು ಬಿಟ್ಟು ಮೆಟ್ಟಿಲ ಮೇಲಿಂದ ಕಾಕಾ ಯಾರಿಗೋ ಹೇಳುತ್ತಿದ್ದದ್ದು ಫೋನಿನಲ್ಲಿ ಬಂತು: "ಏ, ಹತ್ತು ನಿಮಿಷ ತಡೀರಿ. ಸೂರ್ಯ ಅಡ್ಡ ಬಂದಾನ."